ಉಳಿ ಕೊಟ್ಟವರು ಯಾರು?

"ಉಳಿ ಕೆಳಗ ಇಡ್ರಿ! ಮೊದಲ ಇಡ್ರಿ!"

ಹಿಂದಿನಿಂದ ಬಂದ ಕೂಗಿಗೆ ಅನುಜಾ ಬೆಚ್ಚಿ ತಿರುಗಿದಳು. ಕೈಯಲ್ಲಿದ್ದ ಉಳಿ ಜಾರಿ ಮೇಜಿನ ಮೇಲೆ ಬಿತ್ತು.

ಬಾಗಿಲಲ್ಲಿ ನಿಂತಿದ್ದವನು ಅಮೋಘಸಿದ್ಧ. ಸಾಂಗಲಿಯ ಆ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುವ ಮಾಸ್ತರ. ಎತ್ತರದ ಆಳು, ಗಡಸು ದನಿ.

"ಹಂಗ ಹಿಡದ್ರ ಅಂಗೈಯಾಗ ಹೋಗ್ತೈತ್ರಿ ಅದು. ಯಾರ ನೀವು?"

"ಹೊಸಾ... ಡ್ರಾಯಿಂಗ್ ಟೀಚರ್‌ರಿ."

ಪಾಠವೆಲ್ಲ ಮರಾಠಿಯಲ್ಲೇ ನಡೆಯುವ ಆ ಶಾಲೆಯಲ್ಲಿ, ಗಾಬರಿಗೆ ಅವಳ ಬಾಯಿಂದಲೂ ಕನ್ನಡವೇ ಬಂದಿತ್ತು. ಅವನ ಮುಖ ಸಡಿಲಾಯಿತು.

ಊರಿಗೆ ಕಂಪ್ಯೂಟರ್ ಬಂದ ಹೊಸತು ಅದು. ಗಲ್ಲಿಗೊಂದು ಕ್ಲಾಸಿನ ಬೋರ್ಡು. ಚಿತ್ರಕಲೆಯ ತಾಸನ್ನೂ ಕಂಪ್ಯೂಟರಿಗೇ ಕೊಡಬೇಕೆಂದು ಸಂಸ್ಥೆಯವರು ಕಾಯುತ್ತಿದ್ದರು. "ಈ ವರ್ಷ ಏನರೆ ಮಾಡಿ ತೋರಸ್ರಿ, ಇಲ್ಲಾಂದ್ರ ನನ್ನ ಕೈಯಾಗೂ ಏನಿಲ್ಲ" ಎಂದಿದ್ದರು ಮುಖ್ಯೋಪಾಧ್ಯಾಯಿನಿ ಶಾಲನಬಾಯಿ.

"ಹುಡುಗೂರು ಬೋರ್ಡಿನ ಮ್ಯಾಲಿನ ಗಡಿಗಿ ನೋಡಿ ಗಡಿಗಿ ತಗೀತಾವರಿ," ಅನುಜಾ ಒಂದು ದಿನ ಅಮೋಘಸಿದ್ಧನ ಮುಂದೆ ಹೇಳಿಕೊಂಡಳು. "ಕೈಲೆ ಒಮ್ಮಿನೂ ಮುಟ್ಟಿಲ್ಲ!"

"ನನ್ನ ಕೋಣ್ಯಾಗ ಮಾಡ್ತಾವು, ಆದ್ರ ತಾವಾಗಿ ಒಂದ ಗೆರಿ ತಗಿಯೂದಿಲ್ಲ." ಅವನು ಮೊದಲ ಸಲ ನಕ್ಕ. "ಎರಡೂ ಕೂಡಸೂಣೇನ್ರಿ?"

ಕೂಡಿಸಿದರು. ಮಿರಜಿನ ಸಿತಾರ್ ಕಾರ್ಖಾನೆಗಳಲ್ಲಿ ಬಿರುಕು ಬಿಟ್ಟು ಬಿದ್ದಿದ್ದ ಸೋರೆಬುರುಡೆಗಳನ್ನು ಅವನು ಬೇಡಿ ತಂದ. ಒಂಬತ್ತನೆಯ ಇಯತ್ತೆಯ ಮಕ್ಕಳು ತಮ್ಮ ಹೊಲದ ಬಳ್ಳಿ ನೋಡಿ ಚಿತ್ರ ಬರೆದರು, ಬುರುಡೆಯ ಮೇಲೆ ಅದನ್ನೇ ಕೆತ್ತಿದರು. ಗಡಿಗೆ ಬರೆಯಲು ಬೇಸರಪಡುತ್ತಿದ್ದವರು ಬೆಲ್ ಹೊಡೆದರೂ ಏಳಲೊಲ್ಲರು!

ಅನುಜಾಳಿಗೂ ಏಳಲು ಮನಸ್ಸಾಗುತ್ತಿರಲಿಲ್ಲ...

ಅದೇ ಅವಳ ಹೆದರಿಕೆ. ಅವಳು ಕಸಬೆ ಡಿಗ್ರಜ ಎಂಬ ಹಳ್ಳಿಯ ಜೈನರ ಹುಡುಗಿ. ಅವನ ಮನೆಯವರು ಗಡಿ ಊರಿನಲ್ಲಿ ಕುರಿ ಸಾಕುವವರು. 'ಅಪ್ಪಾಗ ಗೊತ್ತಾದ್ರ...' ಎಂಬಲ್ಲಿಗೆ ಅವಳ ಯೋಚನೆ ನಿಂತುಬಿಡುತ್ತಿತ್ತು.

ಒಂದು ದಿನ ಅವನು ಬುರುಡೆ ತರಲು ಮಿರಜಿಗೆ ಹೋಗಿದ್ದ. ತಾನಿಲ್ಲದಾಗ ಉಳಿಯ ಕಪಾಟು ತೆಗೆಯಬಾರದೆಂದು ಹೇಳಿಯೂ ಇದ್ದ.

"ಒಂದ ಎಲಿ ಉಳದೈತ್ರಿ ಟೀಚರ್, ಒಂದ!" ಋತುಜಾ ಎಂಬ ಹುಡುಗಿ ಕಾಡಿದಳು.

ಅನುಜಾ ಕೀಲಿ ತೆಗೆದಳು.

ಚೀರಾಟ ಕೇಳಿ ತಿರುಗಿದಾಗ, ಬುರುಡೆ ಹಿಡಿದಿದ್ದ ಋತುಜಾಳ ಎಡಗೈ ರಕ್ತದಲ್ಲಿ ಮುಳುಗಿತ್ತು.

ರಿಕ್ಷಾದಲ್ಲಿ ಮಿರಜಿನ ಆಸ್ಪತ್ರೆಗೆ ಹೋಗುವತನಕ ಅನುಜಾ ಆ ಕೈಯನ್ನು ತನ್ನ ಸೆರಗಿನಲ್ಲಿ ಒತ್ತಿ ಹಿಡಿದಿದ್ದಳು. 'ದೇವರೇ, ಬೆರಳು ಉಳೀಲಿ... ಬೆರಳು ಉಳೀಲಿ...'

ನರ ತುಂಡಾಗಿದೆ, ಆಪರೇಶನ್ ಮಾಡಿದ ಮೇಲೂ ಬೆರಳು ಮಡಚಲು ಬರುವುದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು.

ಮರುದಿನ ಅವಳು ಶಾಲನಬಾಯಿಯ ಕೋಣೆಯ ಬಾಗಿಲಿಗೆ ಬಂದಳು. ಒಳಗಿನಿಂದ ಅಮೋಘಸಿದ್ಧನ ದನಿ!

"ಅನುಜಾ ಟೀಚರಿಗೆ ಉಳಿ ಬಗ್ಗೆ ಏನೂ ಗೊತ್ತಿಲ್ರಿ. ಅವರನ್ನ ಇದರಿಂದ ಬಿಡಸ್ರಿ."

ಬಿಡಿಸುವುದೇ?! ತನ್ನ ನೌಕರಿ ಉಳಿಸಿಕೊಳ್ಳಲು ನನ್ನನ್ನು ಹೊರಗೆ ಹಾಕಿಸುತ್ತಿದ್ದಾನೆಯೇ?

ಅಂದಿನಿಂದ ಅವನತ್ತ ನೋಡಲಿಲ್ಲ ಅವಳು. ಅವನೂ ಮಾತಾಡಿಸಲಿಲ್ಲ.

ಋತುಜಾಳ ಆಪರೇಶನ್ ಆದ ಕೆಲ ವಾರಗಳ ಮೇಲೆ ಪಾಲಕರ ಸಭೆ ಕರೆದರು. ಋತುಜಾಳ ಅಪ್ಪ ಭರತೇಶ ಮೇಜು ಗುದ್ದಿ ಕೇಳಿದರು, "ನನ್ನ ಮಗಳ ಕೈಯಾಗ ಉಳಿ ಕೊಟ್ಟವರು ಯಾರು?"

ಅಮೋಘಸಿದ್ಧ ಎದ್ದು ನಿಂತ. "ತಪ್ಪ ನಂದರಿ. ಕಪಾಟಿಗಿ ಕೀಲಿ ಹಾಕದ ಹೋಗಿದ್ನಿ. ಟೀಚರ್‌ದ ಏನೂ ತಪ್ಪಿಲ್ಲ."

ಅವಳಿಗೆ ಈಗ ಹೊಳೆಯಿತು. ಬಿಡಿಸಿರಿ ಎಂದದ್ದು ಆಪಾದನೆಯಿಂದಲೇ! ಸುಮ್ಮನಿದ್ದರೆ ನೌಕರಿ ಉಳಿಯುತ್ತಿತ್ತು. ಆದರೂ ಎದ್ದಳು.

"ಸುಳ್ಳ ಹೇಳಾಕತ್ತಾರ್ರಿ ಅವರು! ಕೀಲಿ ತಗದಾಕಿ ನಾನು. ಉಳಿ ಕೊಟ್ಟಾಕಿನೂ ನಾನ."

ಭರತೇಶ ಇಬ್ಬರನ್ನೂ ದಿಟ್ಟಿಸಿದರು. ಅವರ ದನಿ ಇಳಿಯಿತು.

"ಮುಂಜಾನೆ ಬೆರಳು ಸ್ವಲ್ಪ ಮಡಚಿದಳ್ರಿ. ಬಲಗೈಲೆ ಆ ಬಳ್ಳಿ ಚಿತ್ರ ತಗೀಕೋತ ಕುಂತಾಳ. ಕ್ಲಾಸ್ ಬಂದ್ ಮಾಡಸ್ತೇನಿ ಅಂದ್ರ ಅಳ್ತಾಳ..." ಶಾಲನಬಾಯಿಯತ್ತ ತಿರುಗಿದರು. "ಬಂದ್ ಮಾಡಬ್ಯಾಡ್ರಿ. ಆದ್ರ ಇನ್ನೊಬ್ಬರ ಮಗಳಿಗಿ ಹಿಂಗ ಆಗಬಾರದು."

ಉಳಿಯ ಕೆಲಸ ಹತ್ತನೆಯವರಿಗೆ ಮಾತ್ರ, ಅದೂ ಮಾಸ್ತರರ ಎದುರಿಗೇ ಎಂದಾಯಿತು. ಒಂಬತ್ತನೆಯವರಿಗೆ ಮಣ್ಣು, ಉಣ್ಣೆಯ ಕೆಲಸ. ಅನುಜಾಳ ಒಂದು ವರ್ಷದ ಪಗಾರದ ಏರಿಕೆ ತಡೆದರು. ಅವಳು ತಲೆಬಾಗಿ ಒಪ್ಪಿದಳು.

ಎಲ್ಲರೂ ಹೋದ ಮೇಲೆ ವರಾಂಡದಲ್ಲಿ ಅವನು ನಿಂತಿದ್ದ.

"ಯಾಕ ಹಂಗ ಹೇಳಿದ್ರಿ?" ಅವಳ ಕಣ್ಣು ತುಂಬಿದವು. "ನಾ ನಿಮ್ಮನ್ನ ಏನೇನೋ ತಿಳಕೊಂಡಿದ್ದೆ..."

"ನೀವು ಇಲ್ದ ಈ ಸಾಲ್ಯಾಗ ನನಗ ಮನಸ ಹತ್ತೂದಿಲ್ರಿ. ಅಷ್ಟ."

"ನನಗೂ... ಹಂಗ ಐತ್ರಿ."

"ನಿಮ್ಮ ಅಪ್ಪಾರಿಗಿ ನಾ ಬಂದ ಕೇಳಲೇನು?"

"ಭಾಳ ಹೆದರಿಕಿ ಆಗ್ತೈತಿ."

"ನನಗೂ ಆಗ್ತೈತಿ," ಎಂದ ಆ ಎತ್ತರದ ಆಳು, ಮೆಲ್ಲಗೆ.

ಅವಳು ಅಳುತ್ತಲೇ ನಕ್ಕಳು. "ಐತವಾರ ಬರ್ರಿ. ಅಪ್ಪಾ ಮನ್ಯಾಗ ಇರ್ತಾರ. ಕಾಲಿಗಿ ನೀರ ಹಿಡಕೊಂಡ ಬಾಗಲದಾಗ ನಾನ ನಿಂತಿರ್ತೇನಿ."