ಇರುವಂತಿಯ ಒಂಟಿ ಜೇನು

ಏಳು ಬೆಟ್ಟದ ಆಚೆ, ಎಂಟನೇ ಬೆಟ್ಟದ ಈಚೆ ಬಣ್ಣಾವತಿ ಅಂತ ಒಂದು ರಾಜ್ಯವಿತ್ತು. ಎಷ್ಟು ಕಾಲದ ಹಿಂದೆ ಅಂತ ಕೇಳಬೇಡಿ. ನನಗೆ ಹೇಳಿದವರೂ ಅದನ್ನು ಹೇಳಲಿಲ್ಲ. ಅಲ್ಲಿಯ ಜನಕ್ಕೆ ಅನ್ನ ನೀರಿನಷ್ಟೇ ಮುಖ್ಯವಾದದ್ದು ಎಲೆಯಾಟ. ಬಟ್ಟೆಗೆ ಅಂಟು ಬಳಿದು, ಒಣಗಿಸಿ, ದುಂಡಗೆ ಕತ್ತರಿಸಿ, ಮೇಲೆ ಚಿತ್ರ ಬರೆದರೆ ಒಂದು ಎಲೆ. ಇಂಥ ಎಲೆಗಳನ್ನು ಮನೆಮನೆಯಲ್ಲೂ ಕೂಡಿಡುತ್ತಿದ್ದರು. ಕೂಡಿಟ್ಟದ್ದರಲ್ಲಿ ಹನ್ನೆರಡನ್ನು ಆರಿಸಿ ಕಟ್ಟು ಮಾಡಿಕೊಂಡು, ಅರಮನೆಯ ಮುಂದಿನ ಆಟದ ಚಾವಡಿಗೆ ಹೋಗುತ್ತಿದ್ದರು.

ಚಾವಡಿಯ ನಡುವೆ ಒಂದು ಹಾಸುಗಲ್ಲು. ಅದರ ಮೇಲೆ ಎಲೆ ಇಟ್ಟು ಹೆಸರು ಕೂಗಿದರೆ ಚಿತ್ರ ಎದ್ದು ಜೀವವಾಗುತ್ತಿತ್ತು. ಆನೆ ಅಂದರೆ ಆನೆ, ಇಲಿ ಅಂದರೆ ಇಲಿ. ಸುತ್ತು ಮುಗಿದರೆ ಮತ್ತೆ ಎಲೆ. ಆದ ಗಾಯ ಮಾತ್ರ ಹಾಗೇ ಉಳಿಯುತ್ತಿತ್ತು. ಚಾವಡಿಯೊಳಗೆ ಯಾರೇ ಹೆಸರು ಹಿಡಿದು ಕೂಗಿದರೂ ಎಲೆ ಓಗೊಡಲೇಬೇಕು. ಅದಕ್ಕೇ ನೋಡಲು ಬಂದವರು ತುಟಿ ಬಿಚ್ಚಬಾರದು ಅಂತ ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು: ಆಟಕ್ಕೆ ಮುಂಚೆ ಹಾಸುಗಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಹಾಲುಹಲ್ಲಿನ ಮಕ್ಕಳಿಗೂ ಅದು ತನ್ನಷ್ಟಕ್ಕೆ ತಾನೇ ಬರುತ್ತಿತ್ತು.

ಆ ರಾಜ್ಯದಲ್ಲಿ ಕಲ್ಲು ಮುಟ್ಟದೆ ಆಡುತ್ತಿದ್ದವನು ಒಬ್ಬನೇ, ಮಾಂತ್ರಿಕ ವಕ್ರನಖ. ಯಾವ ಊರಿನಿಂದ ಬಂದನೋ, ಬಂದವನು ರಾಜ ಸುಮುಖನ ಪಕ್ಕದಲ್ಲೇ ಬೇರು ಬಿಟ್ಟ. ಪ್ರತಿ ವರ್ಷ ಯುಗಾದಿಯ ಮರುದಿನ, ವರ್ಷದೊಡಕಿನ ಆಟದಲ್ಲಿ, ಅವನು ಬೆರಳು ತೋರಿಸಿದವರು ಅವನೆದುರು ಕೂರಬೇಕು. ಸೋತವರು ಒಂದು ವರ್ಷ ಅವನ ಕರಿಗೋಪುರದಲ್ಲಿ ಊಳಿಗ ಮಾಡಬೇಕು. ಹೋದವರು ಹೋದರು. ವರ್ಷ ಕಳೆದರೂ ಒಬ್ಬರೂ ತಿರುಗಿ ಬರಲಿಲ್ಲ. ಕೇಳಲು ಹೋದವರಿಗೆ, "ಅಲ್ಲೇ ಹಾಯಾಗಿದಾರೆ, ಬರಲ್ಲ ಅಂತಾರೆ" ಅನ್ನುತ್ತಿದ್ದ.

ಹಾಗೆ ಹೋದವರಲ್ಲಿ ಇರುವಂತಿ ಅನ್ನುವ ಹುಡುಗಿಯ ಅಣ್ಣ ಕೆಂಚನೂ ಒಬ್ಬ. ಅವನು ಎಲೆ ಬರೆಯುವ ಚಿತ್ರಗಾರ, ಹುಟ್ಟಾ ಎಡಚ. ಎಡಗೈಯಲ್ಲಿ ಬರೆದ, ಎಡಗೈಯಲ್ಲಿ ಉಂಡ, ಎಡಗೈಯಲ್ಲೇ ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ತಾಯಿ ನಿಂಗವ್ವ ಆ ಕೈಗೆ ಸೌಟಿನಲ್ಲಿ ಹೊಡೆದದ್ದೂ ಉಂಟು. "ಎಡಗೈಲಿ ದೇವ್ರನ್ನ ಮುಟ್ತಾರೇನೋ, ದರಿದ್ರದವನೇ" ಅಂತ ಬಯ್ಯುತ್ತಿದ್ದಳು. ಅವನು ಹೋದ ಮೇಲೆ ಆ ಸೌಟನ್ನು ನೋಡಿದಾಗಲೆಲ್ಲ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೋಗುವ ಮುಂಚೆ ಕೆಂಚ ತಂಗಿಗೆ ಅಂತ ಒಂಬತ್ತು ಎಲೆ ಬರೆದಿಟ್ಟಿದ್ದ. ಒಂಬತ್ತೂ ಜೇನು. ಒಂದು ಜೇನು ಎದ್ದರೆ ಕೈ ಬೀಸಿ ಓಡಿಸಬಹುದು. ಒಂದೇ ಬಗೆಯ ಎಲೆಗಳನ್ನು ಒಟ್ಟಿಗೆ ಹಾಕಬಹುದಾಗಿದ್ದರಿಂದ, ಒಂಬತ್ತೂ ಎದ್ದರೆ ಆನೆಯೂ ಬಾಲ ಎತ್ತಿಕೊಂಡು ಓಡಬೇಕು. ಇರುವಂತಿ ಆ ಜೇನುಗಳನ್ನಿಟ್ಟುಕೊಂಡು ಒಂದು ವರ್ಷ ಆಡಿದಳು. ಊರಿನಲ್ಲಿ ಅವಳನ್ನು ಸೋಲಿಸುವವರೇ ಇಲ್ಲವಾದರು.

"ಈ ಸಲ ವರ್ಷದೊಡಕಿಗೆ ನಾನೇ ಅವ್ನ ಎದುರು ಕೂರ್ತೀನಿ. ಅಣ್ಣನ್ನ ಕರ್ಕೊಂಡೇ ಬರೋದು" ಅಂದಳು ತಾಯಿಗೆ.

ಈ ಮಾತು ಊರು ಸುತ್ತಿ ಕರಿಗೋಪುರಕ್ಕೂ ಮುಟ್ಟಿತು. ಯುಗಾದಿಗೆ ಇನ್ನು ಒಂದು ವಾರವಿದೆ ಅನ್ನುವಾಗ ಡಂಗುರ ಬಿತ್ತು.

"ಕೇಳ್ರಪ್ಪೋ ಕೇಳಿ! ಇಂದಿನಿಂದ ಒಂದು ಕಟ್ಟಿನಲ್ಲಿ ಒಂದು ಬಗೆಗೆ ಒಂದೇ ಎಲೆ! ಒಂದೇ ಬಗೆಯ ಎರಡು ಇರಕೂಡದು! ಮೀರಿ ಕಟ್ಟಿದವರನ್ನು ಯಾಳಿ ನುಂಗುತ್ತದೆ!"

ಯಾಳಿ ಅಂದರೆ ಚಾವಡಿಯ ಬಾಗಿಲಲ್ಲಿದ್ದ ಕಲ್ಲಿನ ಮೃಗ. ಸಿಂಹದ ಮೈ, ಆನೆಯ ಸೊಂಡಿಲು. ರಾಜ ಅದರ ಕಿವಿಯಲ್ಲಿ ಕಟ್ಟಳೆ ಹೇಳಿದರೆ ಮುಗಿಯಿತು, ಅದು ಆಳು ನೋಡುವುದಿಲ್ಲ, ಅಂತಸ್ತು ನೋಡುವುದಿಲ್ಲ. ಈ ಕಟ್ಟಳೆ ಬರೆಸಿದ್ದೂ, ನುಂಗುವ ಶಿಕ್ಷೆ ಸೇರಿಸಿದ್ದೂ ವಕ್ರನಖನೇ. "ಶಿಕ್ಷೆ ಇಲ್ಲದ ಕಟ್ಟಳೆ ಹಲ್ಲಿಲ್ಲದ ನಾಯಿ, ಮಹಾಪ್ರಭು" ಅಂದಿದ್ದ. ರಾಜನಿಗೂ ಅದು ಹೌದೆನಿಸಿತು. ಪಾಪ, ಅವನಿಗೆ ಕೊನೆಗೆ ಮಾತಾಡಿದವರದೆಲ್ಲ ಹೌದೆನಿಸುತ್ತಿತ್ತು.

ಊರಿಗೆ ಊರೇ ಎಲೆ ಹರವಿಕೊಂಡು ಕೂತಿತು. ಕುಂಬಾರ ಬೋರಯ್ಯನ ಕಟ್ಟಿನಲ್ಲಿ ನಾಲ್ಕು ಮುಂಗುಸಿ. ಮೂರನ್ನು ತೆಗೆದಿಡುವಾಗ ಮಕ್ಕಳನ್ನು ಬೇರೆ ಊರಿಗೆ ಕಳಿಸುವವನ ಹಾಗೆ ಮೂಗು ಒರೆಸಿಕೊಂಡ. ಒಬ್ಬ ಸಾಹುಕಾರ ಹನ್ನೆರಡಕ್ಕೆ ಹನ್ನೆರಡೂ ಆನೆ ಕೂಡಿಸಿದ್ದವನು ಮೂರು ದಿನ ಊಟ ಬಿಟ್ಟ. ಅದನ್ನು ಕೇಳಿ ನಕ್ಕವಳು ಸಾಕಜ್ಜಿ ಒಬ್ಬಳೇ.

"ನನಗೇನು ಹೋಗ್ಬೇಕು? ನನ್ನ ಹತ್ರ ಇದ್ದದ್ದೇ ಒಂದೊಂದು. ಒಂದು ಹಸು, ಒಂದು ಕೊಕ್ಕರೆ, ಒಂದು ಗೂಬೆ. ಇನ್ಮೇಲೆ ಸಾಹುಕಾರನೂ ನನ್ನ ಥರವೇ ಕೂರ್ಬೇಕು. ಕಟ್ಟಳೆ ಕೆಟ್ಟದ್ದೇನಲ್ಲ ಮಗಳೇ. ಆದ್ರೆ ಬರೆಸಿದ ಕೈ ಕೆಟ್ಟದ್ದು" ಅಂದಳು ಇರುವಂತಿಗೆ. ಸಾಕಜ್ಜಿಯ ಒಬ್ಬನೇ ಮಗ ದೊಡ್ಡೀರನೂ ಕರಿಗೋಪುರಕ್ಕೆ ಹೋದವನೇ.

ಇರುವಂತಿ ಒಂಬತ್ತು ಜೇನನ್ನೂ ಮಡಿಲಲ್ಲಿಟ್ಟುಕೊಂಡು ಅತ್ತಳು. ಅತ್ತರೆ ಕಟ್ಟು ತುಂಬುತ್ತದೆಯೇ? ಎಂಟು ಜೇನನ್ನು ತೆಗೆದಿಟ್ಟರೆ ಎಂಟು ಎಲೆ ಕಡಿಮೆ. ಆಗ ಬೋರಯ್ಯ ತಾನಾಗಿ ಬಂದು ಒಂದು ಮುಂಗುಸಿ ಕೊಟ್ಟ. "ಹೆಂಗೂ ನನ್ನ ಕಟ್ಟಿಗೆ ಬರಲ್ಲ ತಾಯಿ, ನಿನ್ನ ಕಟ್ಟಿಗೆ ಬರ್ಲಿ." ಸಾಕಜ್ಜಿ ಹಸು ಕೊಟ್ಟಳು. ಯಾರೋ ಏಡಿ, ಯಾರೋ ನವಿಲು. ಹೀಗೆ ಊರೆಲ್ಲ ಸೇರಿ ಅವಳ ಕಟ್ಟು ಕಟ್ಟಿತು. ಅದರಲ್ಲಿ ಜೇನು ಒಂದೇ ಒಂದು.

ವರ್ಷದೊಡಕಿನ ದಿನ ಬಂತು. ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲ. ಯಾಳಿ ಇರುವಂತಿಯ ಕಟ್ಟನ್ನು ಸೊಂಡಿಲಿಂದ ಮೂಸಿ ಒಳಗೆ ಬಿಟ್ಟಿತು. ವಕ್ರನಖನ ಕಟ್ಟನ್ನೂ ಮೂಸಿತು. ಹುಲಿ, ಆನೆ, ಸರ್ಪ, ಮೊಸಳೆ, ಕರಡಿ, ಹನ್ನೆರಡೂ ಬೇರೆಬೇರೆ. ಅವನನ್ನೂ ಬಿಟ್ಟಿತು. ಕಲ್ಲಿನ ಮೃಗಕ್ಕೆ ಕಾಣುವುದು ಮೇಲಿನ ಬಣ್ಣ ಮಾತ್ರ.

"ಮೂರು ಸುತ್ತು. ಎರಡು ಗೆದ್ದವರು ಗೆದ್ದ ಹಾಗೆ. ಏನು ಪಣ, ಹುಡುಗಿ?" ಅಂದ ವಕ್ರನಖ.

"ಗೆದ್ರೆ ನನ್ನ ಅಣ್ಣನ್ನ ಬಿಡ್ಬೇಕು. ಸೋತ್ರೆ ನಾನೂ ನಿನ್ನ ಗೋಪುರಕ್ಕೆ ಬರ್ತೀನಿ."

ನಿಂಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಇರುವಂತಿ ಹಾಸುಗಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ವಕ್ರನಖ ಉಗುರು ನೋಡಿಕೊಳ್ಳುತ್ತ ಕೂತಿದ್ದ.

ಮೊದಲ ಸುತ್ತಿಗೆ ಅವನು ಎಲೆ ಇಟ್ಟು "ಸರ್ಪ" ಅಂದ. ಕಂಬದಷ್ಟು ದಪ್ಪದ ಸರ್ಪ ಎದ್ದಿತು. ಎದ್ದದ್ದೇ ಹೆಡೆಯನ್ನು ಬಗ್ಗಿಸಿ ಕಲ್ಲಿಗೆ ತಾಗಿಸಿತು. ಹಾವು ತಲೆ ಬಗ್ಗಿಸುವುದರಲ್ಲಿ ಏನು ವಿಶೇಷ? ಇರುವಂತಿ ಗಮನಿಸಲಿಲ್ಲ. ಬೋರಯ್ಯನ ಮುಂಗುಸಿಯನ್ನು ಕೂಗಿದಳು. ಅದು ಸುತ್ತ ಸುತ್ತಿ, ಸುಸ್ತು ಮಾಡಿ, ಸರ್ಪದ ಕತ್ತು ಹಿಡಿಯಿತು. ಸುತ್ತು ಅವಳದಾಯಿತು.

ಎರಡನೇ ಸುತ್ತಿಗೆ ಅವನು "ಆನೆ" ಅಂದ. ಆನೆ ಎದ್ದಿತು. ನುಗ್ಗುವ ಮುಂಚೆ ಅದು ಸೊಂಡಿಲ ತುದಿಯಿಂದ ಹಾಸುಗಲ್ಲನ್ನು ಮೆಲ್ಲಗೆ ಮುಟ್ಟಿತು. ಮುಟ್ಟಿ ಸೊಂಡಿಲನ್ನು ಒಂದು ಕಣ್ಣಿಗೆ ಒತ್ತಿಕೊಂಡಿತು, ಆಮೇಲೆ ಇನ್ನೊಂದು ಕಣ್ಣಿಗೆ.

ಇರುವಂತಿ ಎಷ್ಟೋ ಆನೆ ಎಲೆ ನೋಡಿದ್ದಳು, ಇಂಥದ್ದನ್ನು ಮಾಡುವ ಆನೆಯನ್ನು ನೋಡಿರಲಿಲ್ಲ. ಅದನ್ನೇ ಯೋಚಿಸುತ್ತ ಕೈಗೆ ಸಿಕ್ಕಿದ ಏಡಿಯನ್ನು ಕೂಗಿಬಿಟ್ಟಳು. ಆನೆ ಒಂದೇ ಹೆಜ್ಜೆಗೆ ಏಡಿಯನ್ನು ಅಪ್ಪಚ್ಚಿ ಮಾಡಿತು. ಸುತ್ತು ಅವನದಾಯಿತು.

ಈಗ ಉಳಿದದ್ದು ಒಂದೇ ಸುತ್ತು.

"ಹುಲಿ" ಅಂದ ವಕ್ರನಖ.

ಹಳದಿ ಬೆಂಕಿಯ ಹಾಗೆ ಹುಲಿ ಎದ್ದಿತು. ಕೋರೆ ತೋರಿಸಿ ಗರ್ಜಿಸಿತು. ಮುಂದಿನ ಸಾಲಿನವರು ಹಿಂದಿನವರ ಮೇಲೆ ಬಿದ್ದರು. ಇರುವಂತಿಯ ಕಟ್ಟಿನಲ್ಲಿ ಹುಲಿಗೆ ಜವಾಬು ಒಂದೇ: ಜೇನು. ನೇರ ಕಣ್ಣಿಗೆ ಕುಟುಕಿದರೆ ಹುಲಿ ಕುರುಡಾಗುತ್ತದೆ, ಆಟ ಗೆದ್ದಂತೆ. ಅವಳು ಜೇನಿನ ಎಲೆ ಕೈಗೆತ್ತಿಕೊಂಡಳು. ಕೂಗಲು ಬಾಯಿ ತೆರೆದಳು.

ಅಷ್ಟರಲ್ಲಿ ಹುಲಿ ತಲೆ ಬಗ್ಗಿಸಿತು. ಎಡ ಪಂಜವನ್ನು ಚಾಚಿ ಹಾಸುಗಲ್ಲನ್ನು ಮುಟ್ಟಿತು. ಎಡ ಪಂಜವನ್ನು ಕಣ್ಣಿಗೆ ಒತ್ತಿಕೊಂಡಿತು.

ಜನರ ನಡುವೆ ನಿಂಗವ್ವ ಕುಸಿದು ಕೂತಳು.

"ಹಾಕು ಎಲೆ! ಹಾಕದಿದ್ರೆ ಸೋತೆ!" ಅಂತ ವಕ್ರನಖ ಕಿರುಚಿದ. ಹುಲಿ ಹೆಜ್ಜೆ ಇಡುತ್ತ ಬಂತು. ಹಾಕಿದರೆ ಅಣ್ಣನ ಕಣ್ಣು ಹೋಗುತ್ತದೆ. ಹಾಕದಿದ್ದರೆ ಅಣ್ಣನ ಜೊತೆ ತಾನೂ ಹೋಗುತ್ತಾಳೆ. ಇರುವಂತಿ ಜೇನಿನ ಎಲೆಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಎದ್ದು ನಿಂತು, ಗಂಟಲು ಹರಿಯುವ ಹಾಗೆ ಕೂಗಿದಳು.

"ಕೆಂಚಣ್ಣಾ!"

"ಓ" ಅಂದಿತು ಹುಲಿ.

ಅದರ ಮೈಯ ಬಣ್ಣ ಒಣಗಿದ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಉದುರಿತು. ಒಳಗೆ ಕೆಂಚ ಮಂಡಿಯೂರಿ ಕೂತಿದ್ದ. ಬಾಗಿಲಲ್ಲಿ ಯಾಳಿ ಕಣ್ಣು ಬಿಟ್ಟಿತು.

ವಕ್ರನಖನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ನಕ್ಕ. "ಹೌದು, ಮನುಷ್ಯನೇ. ಏನೀಗ? ಕಟ್ಟಳೆ ಏನು ಹೇಳುತ್ತೆ? ಬಗೆಗೆ ಒಂದು. ಸರ್ಪ ಒಂದು, ಆನೆ ಒಂದು, ಮನುಷ್ಯ ಒಂದು. ನನ್ನ ಕಟ್ಟಿನಲ್ಲಿ ತಪ್ಪೇನಿದೆ?"

ಯಾಳಿ ಮತ್ತೆ ಕಣ್ಣು ಮುಚ್ಚತೊಡಗಿತು. ವಕ್ರನಖ ತನ್ನ ಮಂತ್ರದ ಕುಂಚ ತೆಗೆದು ಬೀಸಿದ. ಕೆಂಚನ ಕಾಲಿನಿಂದ ಹಳದಿ ಬಣ್ಣ ಮತ್ತೆ ಮೇಲೇರತೊಡಗಿತು. ಮೊಣಕಾಲು, ತೊಡೆ, ಸೊಂಟ.

ಇರುವಂತಿ ಜನರ ಕಡೆ ತಿರುಗಿದಳು. "ಆನೆ ಏನು ಮಾಡ್ತು ನೋಡಿದ್ರಲ್ಲ! ಹಾವು ತಲೆ ಬಗ್ಗಿಸಿದ್ದು ನೋಡಿದ್ರಲ್ಲ! ಯಾವ ಕಾಡಿನ ಹಾವು ನಮ್ಮ ಕಲ್ಲಿಗೆ ಕೈ ಮುಗಿಯುತ್ತೆ? ಅವ್ರು ನಮ್ಮೋರು! ಕೂಗ್ರಪ್ಪಾ, ನಿಮ್ಮ ನಿಮ್ಮೋರ ಹೆಸ್ರು ಕೂಗಿ!"

ಯಾರೂ ಉಸಿರೆತ್ತಲಿಲ್ಲ. ಹುಟ್ಟಿದಾಗಿನಿಂದ ಚಾವಡಿಯಲ್ಲಿ ತುಟಿ ಬಿಚ್ಚದವರು. ಜೊತೆಗೆ ಮಾಂತ್ರಿಕನ ಭಯ ಬೇರೆ. ಹಳದಿ ಬಣ್ಣ ಕೆಂಚನ ಎದೆಗೇರಿತು. ಕತ್ತಿಗೇರಿತು.

"ದೊಡ್ಡೀರಾ..." ಅಂತ ಒಂದು ದನಿ ಬಂತು. ಸಾಕಜ್ಜಿ. ಹಲ್ಲಿಲ್ಲದ ಬಾಯಿ, ಗಾಳಿಯೇ ಹೆಚ್ಚು. "ದೊಡ್ಡೀರಾ, ನನ್ನ ಕಂದಾ, ಇದೀಯೇನೋ?"

"ಓ, ಅವ್ವಾ" ಅಂದಿತು ವಕ್ರನಖನ ಕೈಯೊಳಗಿನ ಆನೆಯ ಎಲೆ.

ಅಷ್ಟು ಸಾಕಾಯಿತು. ಬೋರಯ್ಯ ಗೋಪುರಕ್ಕೆ ಹೋಗಿದ್ದ ಹೆಂಡತಿಯ ಹೆಸರು ಕೂಗಿದ, ಸರ್ಪ ಓಗೊಟ್ಟಿತು. ಆ ಮೂಲೆಯಿಂದ ಒಬ್ಬರು, ಈ ಮೂಲೆಯಿಂದ ಒಬ್ಬರು. ಅಪ್ಪನನ್ನು, ಮಗಳನ್ನು, ತಮ್ಮನನ್ನು ಕೂಗಿದರು. ಚಾವಡಿಯೆಲ್ಲ ಜೇನುಗೂಡಿನ ಹಾಗೆ ಮೊರೆಯಿತು. ಓ, ಓ, ಓ ಅನ್ನುತ್ತ ಎಲೆಗಳು ವಕ್ರನಖನ ಬೆರಳು ಬಿಡಿಸಿಕೊಂಡು ಕೆಳಗೆ ಬಿದ್ದವು. ಮೊಸಳೆ ಉದುರಿ ಹುಡುಗಿಯಾದಳು, ಕರಡಿ ಉದುರಿ ಮುದುಕನಾದ. ಹನ್ನೆರಡಕ್ಕೆ ಹನ್ನೆರಡೂ ಮನುಷ್ಯರು. ಒಂದೇ ಬಗೆ.

ಯಾಳಿ ಪೀಠದಿಂದ ಇಳಿಯಿತು.

"ಮಹಾಪ್ರಭು, ಕಟ್ಟಳೆ ಹಿಂದಕ್ಕೆ ತಗೊಳ್ಳಿ! ಬೇಗ ತಗೊಳ್ಳಿ!" ಅಂತ ವಕ್ರನಖ ಅರಚಿದ. ರಾಜ ಬಾಯಿ ತೆರೆದ. ಆದರೆ ಆ ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ, ಯಾಳಿಗೆ ಹೇಗೆ ಕೇಳಬೇಕು? ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಅನ್ನುತ್ತಾರಲ್ಲ, ಹಾಗಾಯಿತು. ಯಾಳಿ ವಕ್ರನಖನನ್ನು ಒಂದೇ ತುತ್ತಿಗೆ ನುಂಗಿ, ಮೆಲ್ಲಗೆ ಪೀಠ ಹತ್ತಿ, ಮತ್ತೆ ಕಲ್ಲಾಯಿತು. ಕರಿಗೋಪುರ ಮಸಿಯಾಗಿ ಕರಗಿ ಚರಂಡಿಯಲ್ಲಿ ಹರಿದು ಹೋಯಿತು.

ರಾಜ ಸುಮುಖ ನಾಚಿಕೊಂಡು ಇರುವಂತಿಯ ಹತ್ತಿರ ಬಂದ. "ತಪ್ಪಾಯ್ತಮ್ಮ. ಆ ಕಟ್ಟಳೆ ಈಗಲೇ ಕಿತ್ತು ಹಾಕ್ತೀನಿ. ನಿನ್ನ ಒಂಬತ್ತು ಜೇನೂ ನೀನೇ ಇಟ್ಕೊ" ಅಂದ.

"ಬೇಡ ಸ್ವಾಮಿ" ಅಂದಳು ಇರುವಂತಿ. "ನುಂಗೋ ಶಿಕ್ಷೆ ತೆಗೀರಿ, ಕಟ್ಟಳೆ ಇರ್ಲಿ. ಒಂಬತ್ತು ಜೇನಿದ್ದಾಗ ನನಗೆ ಯಾರೂ ಬೇಕಿರ್ಲಿಲ್ಲ. ಒಂದೇ ಉಳಿದಾಗ ಊರೆಲ್ಲ ಬಂತು."

ಎಂಟು ಜೇನನ್ನು ಅವಳು ಎಂಟು ಮನೆಗೆ ಹಂಚಿದಳು. ಮೊದಲನೆಯದು ಸಾಕಜ್ಜಿಗೆ.

ಕೆಂಚ ಮನೆಗೆ ಬಂದ. ಒಬ್ಬಟ್ಟು ಬಡಿಸಿದ ಬಾಳೆಯೆಲೆಯ ಮುಂದೆ ಕೂತ. ಅಭ್ಯಾಸ ಬಲದಿಂದ ಎಡಗೈ ಮುಂದೆ ಹೋಯಿತು. ಬೆರಳುಗಳ ಮೇಲೆ ಇನ್ನೂ ಹಳದಿ ಪಟ್ಟೆಗಳಿದ್ದವು. ತಾಯಿಯ ಕೈಯಲ್ಲಿ ಸೌಟು ಕಂಡವನೇ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡ.

ನಿಂಗವ್ವ ಸೌಟನ್ನು ಕೆಳಗಿಟ್ಟಳು. ಮಗನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ಇನ್ನೊಂದು ಕಣ್ಣಿಗೆ.

"ಇದೇ ಕೈಲಿ ಉಣ್ಣು, ನನ್ನಪ್ಪ" ಅಂದಳು.

ಅವರು ಅಲ್ಲಿ ಒಬ್ಬಟ್ಟು ಉಂಡರು, ನಾವು ಇಲ್ಲಿ ಕತೆ ಉಂಡೆವು. ಅವರ ಹೊಟ್ಟೆಯೂ ತಣ್ಣಗಿರಲಿ, ನಮ್ಮದೂ.