ಬುಟ್ಟಿಯ ತಳದ ಹೂ

ಪಿಸು ನೀರಿನಕ್ಕನ ಚೀಲಕ್ಕೆ ಕೈ ಹಾಕಬಾರದಿತ್ತು. ಆದರೂ ಹಾಕಿದಳು.

"ನಾನು ಗಂಡಸು, ಹೆಂಗಸರ ಚೀಲ ಮುಟ್ಟಿದರೆ ಚೆನ್ನಾಗಿರಲ್ಲ. ನೀನು ಓದಿದ ಹುಡುಗಿ, ನೀನೇ ನೋಡಮ್ಮ," ಎಂದು ಪಕ್ಕದ ಮನೆಯ ಮೇಷ್ಟ್ರು ಹೇಳಿದಾಗ 'ಒಲ್ಲೆ' ಎಂಬ ಮಾತು ಅವಳ ಗಂಟಲಲ್ಲೇ ಕೂತುಬಿಟ್ಟಿತು. ಅವಳ ಮಾತೆಲ್ಲ ಹಾಗೆಯೇ, ಅರ್ಧ ಒಳಗೆ, ಅರ್ಧ ಹೊರಗೆ. ಮನೆಯವರು ಪಿಸು ಎಂದು ಕರೆಯುತ್ತಿದ್ದುದೂ ಅದಕ್ಕೇ.

ಚೀಲದಲ್ಲಿದ್ದದ್ದು ಒಂದು ಊಟದ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಒದ್ದೆ ಟವೆಲು. ತಳದಲ್ಲಿ ಕಾಗದ ಸುತ್ತಿದ ಏನೋ ಒಂದು. ಗೇಟಿನ ಬಳಿ ನಿಂತ ಬೀದಿಯವರ ಕಣ್ಣೆಲ್ಲ ತನ್ನ ಬೆರಳ ಮೇಲಿರುವಾಗ ಪಿಸು ಅದನ್ನೂ ಬಿಚ್ಚಿದಳು. ಸವೆದು ಎಲೆಯಂತಾಗಿದ್ದ ಸೋಪಿನ ಚೂರು. ಮೇಷ್ಟ್ರ ಕೈತೊಳೆಯುವ ತೊಟ್ಟಿಯದು.

"ಸೋಪು ಕದ್ದ ಕೈಗೆ ಹೂ ಯಾವ ಲೆಕ್ಕ?" ಎಂದರು ಮೇಷ್ಟ್ರು.

"ಎಸೆದಿದ್ರಿ ಸಾರ್, ಅದಕ್ಕೇ ತಗೊಂಡೆ," ಎಂದಳು ನೀರಿನಕ್ಕ. ಮೇಷ್ಟ್ರ ಗಾಜಿನ ಮನೆಯ ಆರ್ಕಿಡ್ ಗಿಡಗಳಿಗೆ ನೀರುಣಿಸಿ, ಅದೇ ಬೀದಿಯ ಬೇರೆ ಮನೆಗಳಲ್ಲಿ ಪಾತ್ರೆ ತೊಳೆದು ಬದುಕುವವಳು. ಕಳ್ಳಿ ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಇಡೀ ಬೀದಿಯ ಬಾಗಿಲುಗಳು ಅವಳಿಗೆ ಮುಚ್ಚಿದಂತೆಯೇ. ಅವಳು ನೆಲ ನೋಡುತ್ತಿದ್ದಳು. ಪಿಸುವೂ ನೆಲ ನೋಡತೊಡಗಿದಳು.

ಹೋದದ್ದು ಸಾಮಾನ್ಯ ಹೂವಲ್ಲ. ಆ ಗಿಡದ ಹೂದಂಟು ಮೇಲಕ್ಕೆ ಏಳುವುದಿಲ್ಲ. ಮರದ ಪಟ್ಟಿಗಳ ಬುಟ್ಟಿಯ ಸಂದಿಯಲ್ಲಿ ಕೆಳಕ್ಕೆ ತೂರಿ, ತಳದಿಂದ ಜೋತುಬಿದ್ದು ಅರಳುತ್ತದೆ. ಹಿಂದಿನ ಸಂಜೆ ಮೊದಲ ಹೂ ಬಿರಿದಾಗ ಮೇಷ್ಟ್ರು ಬೀದಿಗೆ ಬೀದಿಯನ್ನೇ ಕರೆದು ಮೂಸಿಸಿದ್ದರು. ಚಾಕೊಲೇಟಿಗೆ ಪುದೀನ ತಾಗಿಸಿದಂಥ ಪರಿಮಳ. ಈ ದಿನ ಬುಟ್ಟಿ ಪುಷ್ಪ ಪ್ರದರ್ಶನಕ್ಕೆ ಹೋಗಬೇಕಿತ್ತು. ಬೆಳಗ್ಗೆ ನೋಡಿದರೆ ದಂಟುಗಳೆಲ್ಲ ಬುಡಕ್ಕೇ ಕತ್ತರಿಸಿಹೋಗಿದ್ದವು.

ಅಷ್ಟರಲ್ಲಿ ಪಿಸುವಿನ ಸೋದರತ್ತೆ ಬಂದರು. ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿ ಸಾವಿರ ಸುಳ್ಳು ಬರೆದುಕೊಂಡು ನಿವೃತ್ತರಾದವರು. ಬೀದಿಯಲ್ಲಿ ಏನು ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ ಪಂಚಾಯಿತಿ ಅವರ ಜಗಲಿಗೇ. ಹಳೆಯದೊಂದು ಕಾಯಿಲೆ ಅವರ ಮೂಗಿನ ಶಕ್ತಿಯನ್ನು ಕಿತ್ತುಕೊಂಡಿತ್ತು. ಹಾಗಾಗಿ ಪಿಸು ಅವರ ಮೂಗು.

"ಈ ಚೀಲ ತೆಗೆಸಿದ್ದು ಯಾರು?" ಎಂದರು ಅತ್ತೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ತೆಗೆದದ್ದು ಯಾರು?"

ಪಿಸುವಿನ ಕಿವಿ ಸುಟ್ಟುಹೋಯಿತು. ಅತ್ತೆ ಅವಳನ್ನು ಒಮ್ಮೆ ನೋಡಿ, ಗಾಜಿನ ಮನೆಯೊಳಗೆ ನಡೆದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬುಟ್ಟಿ ತನ್ನ ಕೊಕ್ಕೆಯಲ್ಲಿ ತೂಗುತ್ತಿತ್ತು. ಪಕ್ಕದಲ್ಲೇ ಮೇಷ್ಟ್ರ ದುಂಡಕ್ಷರದ ಬೋರ್ಡು: 'ತೂಗುಬುಟ್ಟಿಗಳನ್ನು ಯಾರೂ, ಯಾವ ಕಾರಣಕ್ಕೂ ಕೆಳಗಿಡಬಾರದು.' ಬುಟ್ಟಿಯ ಅಡಿಯ ಪಟ್ಟಿಗೆ ಮೇಷ್ಟ್ರ ಹೆಸರಿದ್ದ ಹೊಸ ಹಿತ್ತಾಳೆ ಫಲಕ ಮಿರಮಿರ ಮಿಂಚುತ್ತಿತ್ತು. ತಂತಿಯನ್ನು ಎರಡೂ ಕಡೆ ಹುರಿಗೊಳಿಸಿ ಬಿಗಿಯಲಾಗಿತ್ತು.

"ಕೊಯ್ದ ಜಾಗ ಮೂಸಿ ನೋಡು," ಎಂದರು ಅತ್ತೆ.

ಕತ್ತರಿಸಿದ ತುದಿಗಳಲ್ಲಿ ಕಂದು ಪುಡಿ ಮೆತ್ತಿತ್ತು. "ಚಕ್ಕೆ ಪುಡಿ ಅತ್ತೆ. ಅಡುಗೆಮನೇದು."

"ಗಿಡದ ಗಾಯಕ್ಕೆ ಬೂಷ್ಟು ಹಿಡೀದಿರಲಿ ಅಂತ ಹಾಕ್ತೀವಿ," ಎಂದವರು ಮೇಷ್ಟ್ರು, ಪಾಠ ಹೇಳುವ ಚಟಕ್ಕೆ. ಆಮೇಲೆ ತುಟಿ ಕಚ್ಚಿಕೊಂಡರು.

"ನಿನ್ನೆ ಸಂಜೆ ಎಲ್ಲರೂ ಹೋದಮೇಲೆ ನೀವು ಮತ್ತೆ ಒಳಗೆ ಬಂದಿದ್ರಾ?"

"ಇಲ್ಲಪ್ಪ. ಇವಳು ಬೀಗ ಹಾಕಿ ಕೀಲಿ ಕುಂಡದ ಕೆಳಗಿಟ್ಟಳು. ನಾನು ತೆಗೆದದ್ದು ಬೆಳಗ್ಗೇನೇ."

ಅಷ್ಟರಲ್ಲಿ ಮೇಷ್ಟ್ರ ತಮ್ಮ ವ್ಯಾನಿನ ಕೀಲಿ ತಿರುಗಿಸುತ್ತ ಬಂದ. "ಹೊರಡೋದಾ ಬೇಡ್ವಾ, ಅಣ್ಣ? ನಿನ್ನೆ ಎಲ್ಲರೂ ಹೋದಮೇಲೆ ಆ ಫಲಕಕ್ಕೆ ಅಂತ ನನ್ನನ್ನ ಅಂಗಡಿಗೆ ಓಡಿಸಿದೆ. ದೀಪ ಹಚ್ಚೋ ಹೊತ್ತಿಗೆ ತಂದು ಕೈಗಿಟ್ಟೆ. ಈಗ ನೋಡಿದ್ರೆ ಹೂವೇ ಇಲ್ಲ. ಈ ಗಾಜಿನ ಮನೆ ಕೆಡವಿ ವ್ಯಾನಿಗೆ ನೆರಳು ಮಾಡು ಅಂತ ಆವತ್ತೇ ಹೇಳಿದ್ದೆ. ಗಿಡ ಅಂದ್ರೆ ಕುಂಬಳಬಳ್ಳಿ ಥರ ಇರ್ಬೇಕು, ತಲೆಕೆಳಗಾಗಿ ಹೂ ಬಿಡೋದಲ್ಲ."

ಅತ್ತೆ ಮೂಲೆಯ ಮೇಜಿನತ್ತ ಕೈತೋರಿದರು. ಉಳಿದ ಮೇಜುಗಳ ಮೇಲೆಲ್ಲ ಮಣ್ಣು, ತೆಂಗಿನ ನಾರು. ಆ ಮೇಜೊಂದೇ ತಿಕ್ಕಿ ತೊಳೆದು ಬೆಳ್ಳಗಾಗಿತ್ತು. ಪಿಸು ಹಲಗೆಯ ಸಂದಿಗೆ ಮುಖವಿಟ್ಟಳು. ಒಳಗಿನಿಂದ ಸಣ್ಣಗೆ ಚಾಕೊಲೇಟು, ಅದರ ಹಿಂದೆಯೇ ಪುದೀನ. ಒಂದು ಗಳಿಗೆ ಅವಳಿಗೆ ಗೆದ್ದ ಖುಷಿಯಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ನೀರಿನಕ್ಕ, ಬಾಯ್ತೆರೆದ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಖುಷಿ ಅಲ್ಲೇ ಸತ್ತಿತು.

"ಗೇಟಿನ ಹತ್ರ ಇರೋರನ್ನೆಲ್ಲ ಒಳಗೆ ಕರಿ," ಎಂದರು ಅತ್ತೆ. "ಚೀಲ ಬಿಚ್ಚೋವಾಗ ಇದ್ದೋರು ಇದನ್ನೂ ನೋಡಲಿ."

ಬೀದಿಯವರು ತೂಗುಬುಟ್ಟಿಗಳ ನಡುವೆ ತಲೆ ತಗ್ಗಿಸಿಕೊಂಡು ಬಂದು ನಿಂತರು. ಎಲ್ಲರಿಗಿಂತ ಮುಂದೆ ಎದುರುಮನೆಯಾಕೆ.

"ಹೂ ಕದಿಯೋಕೆ ಬಂದೋನು ಹೂ ಕಿತ್ಕೊಂಡು ಓಡ್ತಾನೆ," ಎಂದು ಅತ್ತೆ ಶುರುಮಾಡಿದರು. "ಗಿಡದ ಗಾಯಕ್ಕೆ ಔಷಧಿ ಹಚ್ಚುತ್ತ ಕೂರಲ್ಲ. ಹೊಟ್ಟೆಕಿಚ್ಚಿಗೆ ಕೊಯ್ದೋನೂ ಕೂರಲ್ಲ. ಕುಂಬಳಬಳ್ಳಿ ಬೇಕು ಅನ್ನೋ ತಮ್ಮಂಗೆ ಈ ಗಿಡ ಬದುಕಿದರೇನು, ಸತ್ತರೇನು? ಕೊಯ್ದ ಕೈಗೆ ಈ ಗಿಡದ ಮೇಲೆ ಪ್ರೀತಿ ಇದೆ."

"ಹಾಗಿದ್ರೆ ಇವಳೂ ಆಗಿರಬಹುದಲ್ಲ? ಆ ಪುಡಿ ಇವಳಿಗೂ ಗೊತ್ತು," ಎಂದರು ಎದುರುಮನೆಯಾಕೆ.

"ಇರಬಹುದಿತ್ತು. ಆದರೆ ಆ ಫಲಕ ನೋಡಿ. ನಿನ್ನೆ ನೀವೆಲ್ಲ ಹೂ ಮೂಸೋವಾಗ ಅದು ಅಲ್ಲಿತ್ತಾ? ಅಂಗಡಿಯಿಂದ ಇನ್ನೂ ಬಂದೇ ಇರಲಿಲ್ಲ. ಇವಳು ಬೀಗ ಹಾಕಿ ಹೋದಮೇಲೆ ಬಂತು, ನೇರ ಮೇಷ್ಟ್ರ ಕೈಗೆ. ಬೆಳಗ್ಗೆಗೆ ಬುಟ್ಟಿ ಮೇಲಿದೆ. ಅದು ಕಾಲು ಬಂದು ನಡೆದು ಬರಲಿಲ್ಲವಲ್ಲ." ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು. "ಹೂ ಹೋದ ಬುಟ್ಟಿಗೆ ಯಾರೂ ಹೆಸರು ಕಟ್ಟಲ್ಲ, ರಾತ್ರೀನೇ ಕಟ್ಟಿದ್ದು. ತೂಗಾಡೋ ಬುಟ್ಟಿಗೆ ತಂತಿ ಬಿಗಿಯೋದು ಕಷ್ಟ. ಎರಡೂ ಕೈ ಬೇಕು. ಪಿಸು, ಮೇಜಲ್ಲಿ ಏನು ಸಿಕ್ತು ಹೇಳು. ಗಟ್ಟಿಯಾಗಿ."

"ಹೂವಿನ ವಾಸನೆ," ಎಂದಳು ಪಿಸು. ಕೊನೆಯಲ್ಲಿ ನಿಂತವರಿಗೂ ಕೇಳಿಸಿತು. "ಹಲಗೆ ಸಂದೀಲಿ. ಹೂ ಅಲ್ಲಿ ಜಜ್ಜಿಹೋಗಿದೆ."

ಮೇಷ್ಟ್ರು ಕುಂಡವೊಂದರ ಅಂಚಿನ ಮೇಲೆ ಕುಸಿದರು.

"ಒಂದೇ ಕ್ಷಣ," ಎಂದರು. "ಹೆಸರು ನೆಟ್ಟಗೆ ಕೂರಲಿ ಅಂತ ಮೇಜಿನ ಮೇಲಿಟ್ಟೆ. ಪಚ್ ಅಂತ ಸದ್ದು ಕೇಳಿದಮೇಲೇ ನೆನಪಾದದ್ದು, ಹೂ ಅಡೀಲಿದೆ ಅಂತ. ನಾನೇ ಬರೆದು ತೂಗುಹಾಕಿದ ಬೋರ್ಡು ಎದುರಿಗಿದೆ. ಜನಕ್ಕೆಲ್ಲ ಪಾಠ ಹೇಳಿದೋನು ಬುಟ್ಟಿ ಕೆಳಗಿಟ್ಟೆ ಅಂತ ಹೇಗೆ ಹೇಳಲಿ? ಜಜ್ಜಿದ್ದನ್ನ ಕೊಯ್ದೆ. ಯಾರೋ ಕದ್ದರು ಅಂತ ಅಷ್ಟೇ ಹೇಳೋಣ ಅಂದುಕೊಂಡಿದ್ದೆ. ಆಮೇಲೆ ಇವರು 'ಕೊನೇಲಿ ಹೋದೋರು ಯಾರು' ಅಂದ್ರು..."

ಎದುರುಮನೆಯಾಕೆ ಸೆರಗು ಸರಿಮಾಡಿಕೊಂಡರು.

"ಅವರು ಕೇಳಿದ್ರು, ನೀವು ಬೆರಳು ತೋರಿಸಿದ್ರಿ," ಎಂದರು ಅತ್ತೆ. "ಈಗ ಅವಳ ಕಡೆ ತಿರುಗಿ ಮಾತಾಡಿ. ನನ್ನ ಕಡೆ ಅಲ್ಲ."

ಮೇಷ್ಟ್ರು ತಿರುಗಿದರು. "ತಪ್ಪಾಯ್ತಮ್ಮ," ಎಂದರು. ಕೈಯಿಂದ ಮುಖ ಮುಚ್ಚಿಕೊಂಡರು. ಬೀದಿಯವರು ಒಬ್ಬರ ಮುಖ ಒಬ್ಬರು ನೋಡದೆ, ಬಂದಂತೆಯೇ ತಲೆ ತಗ್ಗಿಸಿಕೊಂಡು ಹೊರಗೆ ಹೋದರು.

ಗೇಟಿನ ಹತ್ತಿರ ಪಿಸು ನೀರಿನಕ್ಕನನ್ನು ತಡೆದಳು. "ನನ್ನನ್ನ ಕ್ಷಮಿಸಿ ಅಕ್ಕ."

"ಅವರಿಗೆ ಮರ್ಯಾದೆ ಹೋಗೋ ಭಯ ಇತ್ತು," ಎಂದಳು ನೀರಿನಕ್ಕ. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು: "ನಿಮಗೇನಿತ್ತು?"

ಪಿಸು ಗೇಟಿಗೆ ಅಡ್ಡವಾಗಿಯೇ ನಿಂತಿದ್ದಳು.

"ದಾರಿ ಬಿಡಿ. ಎದುರುಮನೇಲಿ ಪಾತ್ರೆ ಕಾಯ್ತಿದೆ."

ಅವಳು ರಸ್ತೆ ದಾಟಿ ಬೆಲ್ ಒತ್ತಿದಳು. ಪಿಸು ನೋಡುತ್ತ ನಿಂತಳು. ಬಾಗಿಲು ತೆರೆಯಿತು. ಎದುರುಮನೆಯಾಕೆ ನಗುನಗುತ್ತಲೇ "ಬಾ, ಬಾ" ಎಂದು ಪಕ್ಕಕ್ಕೆ ಸರಿದರು. ಸರಿಯುತ್ತ, ಬಾಗಿಲ ಬಳಿಯ ಕಪಾಟಿನ ಮೇಲಿದ್ದ ತಮ್ಮ ಪರ್ಸನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು.

ಪಿಸು ಅದನ್ನು ನೋಡಿದಳು. ನೀರಿನಕ್ಕ ಅವಳಿಗಿಂತ ಮೊದಲೇ ನೋಡಿದ್ದಳು. ಚಪ್ಪಲಿ ಬಿಟ್ಟು ಒಳಗೆ ಹೋದಳು.