ಭಾನುವಾರಕ್ಕೊಂದು ಬೇಲಿ

ಫೋನಿನ ಕ್ಯಾಲೆಂಡರಿನಲ್ಲಿ ಭೀಮರಾಜನ ಭಾನುವಾರದ ಸಂಜೆ ಮತ್ತೆ ಬೂದುಬಣ್ಣಕ್ಕೆ ತಿರುಗಿತ್ತು. ವಾಣಿ ಅದರ ಮೇಲೆ ಬೆರಳಾಡಿಸಿ ಮುಂದಿನ ವಾರಕ್ಕೆ ಹೋದಳು. ಅಲ್ಲೂ ಅದೇ ಪಟ್ಟಿ, ಅದರೊಳಗೆ ಅದೇ ಒಂದು ಮಾತು: ಬ್ಯುಸಿ. ಎಲ್ಲಿ, ಯಾರ ಜೊತೆ, ಯಾತಕ್ಕೆ? ಕ್ಯಾಲೆಂಡರ್ ತುಟಿ ಬಿಚ್ಚಲಿಲ್ಲ.

ಅವಳ ಊರು ದೊಡ್ಡಬಳ್ಳಾಪುರ, ಕೆಲಸ ಸೋಂಪುರದ ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ, ಮಲಗುವುದು ದಾಬಸ್‌ಪೇಟೆಯ ಪಿಜಿಯಲ್ಲಿ. ಮಗ್ಗದ ಸದ್ದಿನಲ್ಲಿ ಬೆಳೆದವಳಿಗೆ ಆ ಕೋಣೆಯ ಮೌನ ಕಿವಿ ಕೊರೆಯುತ್ತಿತ್ತು.

ಭೀಮರಾಜ ಸಿಕ್ಕಿದ್ದು ನೆಲಮಂಗಲದ ಕಾರ್ಮಿಕ ಸಂಘದ ಸಭೆಯಲ್ಲಿ. ಪಾಳಿಯ ವಿವರವನ್ನೆಲ್ಲ ವಾಣಿಯ ಕಂಪನಿ ತನ್ನ ಆ್ಯಪ್‌ನೊಳಗೆ ಕೂಡಿಹಾಕಿತ್ತು. ದುಡಿಯುವವಳು ತನ್ನ ದಿನವನ್ನು ತನ್ನ ತಾಯಿಗೇ ತೋರಿಸುವ ಹಾಗಿರಲಿಲ್ಲ. ದೇವನಹಳ್ಳಿಯ ಗೋಡೌನಿನಲ್ಲಿ ದುಡಿಯುವ ಆ ಹುಡುಗ ಎದ್ದು ನಿಂತು ಹೇಳಿದ್ದ:

“ಕ್ಯಾಲೆಂಡರ್‌ಗೂ ಓಪನ್ ಸ್ಟ್ಯಾಂಡರ್ಡ್ ಅಂತ ಒಂದಿದೆ ಕಣ್ರಪ್ಪಾ. ಯಾರಪ್ಪನ ಸ್ವತ್ತೂ ಅಲ್ಲ ಅದು. ಅದ್ರ ಪ್ರಕಾರ ಬರ್ದಿದ್ದು ಯಾವ ಫೋನಲ್ಲಾದ್ರೂ ತೆರ್ಕೊಳ್ಳುತ್ತೆ. ಅದನ್ನೇ ಕೇಳೋಣ. ನಮ್ಮ ಹೊತ್ತು ನಮ್ದು!”

ಕಾರ್ಖಾನೆಯ ಗೇಟಿನ ಮುಂದೆ ಧರಣಿ ಕೂತು ಕೇಳಿದರು, ಪಡೆದರು. ಆಮೇಲೆ ಟೀ ಅಂಗಡಿಯಲ್ಲಿ ಅವನು ತನ್ನ ಕ್ಯಾಲೆಂಡರನ್ನು ಅವಳ ಫೋನಿಗೆ ಸೇರಿಸಿದ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಾಗಲಿಲ್ಲವೆಂಬಂತೆ ಟೀ ಊದಿದರು.

ಅವಳು ತನ್ನದನ್ನು ಪೂರ್ತಿ ತೆರೆದಿಟ್ಟಳು. ಪಾಳಿ, ಬಟ್ಟೆ ಒಗೆಯುವುದು, ಅಮ್ಮನಿಗೆ ಫೋನು. ಅವನದರಲ್ಲಿ ಕಂಡದ್ದು ಬರೀ ಬ್ಯುಸಿ, ಅದೂ ಅವಳ ವಾರದ ರಜೆಯ ಸಂಜೆಯೇ. ಕೇಳಬಹುದಿತ್ತು. ಕೇಳೋಕೆ ನೀನ್ಯಾರು ಅಂದುಬಿಟ್ಟರೆ?

ಕೇಳಲಿಲ್ಲ. ಭಾನುವಾರದ ರಜೆಯನ್ನು ಜೊತೆಗಾತಿ ಕೀರ್ತನಳಿಗೆ ಬಿಟ್ಟುಕೊಟ್ಟು ಗುರುವಾರ ತೆಗೆದುಕೊಂಡಳು. ಒಂಟಿಯಾಗಿ ಕೂರಲು ಯಾವ ವಾರವಾದರೇನು?

ಆ ಗುರುವಾರವೇ ದಾಬಸ್‌ಪೇಟೆ ಬಸ್‌ಸ್ಟಾಪಿನಲ್ಲಿ ಅವನು ಎದುರಾದ. ಏದುಸಿರು ಬಿಡುತ್ತಿದ್ದ.

“ಭಾನುವಾರದ ರಜೆ ಯಾಕೆ ಬಿಟ್ಟೆ? ನಿನ್ ಕ್ಯಾಲೆಂಡರ್ ನೋಡಿ ಓಡ್ಬಂದೆ.”

“ನಿಂಗೇನಪ್ಪಾ? ನೀನು ಬ್ಯುಸಿ ಮನುಷ್ಯ.”

“ಯಾರಂದಿದ್ದು?”

“ನಿನ್ ಕ್ಯಾಲೆಂಡರೇ. ಸಭೇಲಿ ಓಪನ್ ಓಪನ್ ಅಂತ ಬಾಯಿ ಬಡ್ಕೋತೀಯ, ನಿನ್ ಭಾನುವಾರ ಮಾತ್ರ ಬೀಗ ಹಾಕಿರೋ ಪೆಟ್ಟಿಗೆ. ಯಾರವ್ಳು?”

ಅವನು ನಕ್ಕ. ನಗು ಅರ್ಧದಲ್ಲೇ ನಿಂತು ಕಿವಿ ಕೆಂಪಾಯಿತು.

“ನನ್ ಕ್ಯಾಲೆಂಡರ್ ಲಿಂಕು ನಿಂಗೊಬ್ಳಿಗೇ ಅಲ್ಲ ಕಣೇ, ನಮ್ ಸೂಪರ್‌ವೈಸರ್ ಹತ್ರಾನೂ ಇದೆ. ಖಾಲಿ ಕಂಡ್ರೆ ಸಾಕು, ಓವರ್‌ಟೈಮ್ ತುರುಕ್ತಾನೆ. ಅದಕ್ಕೇ ಬೇಲಿ ಹಾಕ್ದೆ. ಒಳಗಿರೋ ಹೆಸ್ರು ತೋರ್ಸಿದ್ರೆ ಅವನ ಕಣ್ಣಿಗೂ ಬೀಳ್ತಿತ್ತು.”

“ಯಾವ ಹೆಸ್ರು?”

ಅವನು ತನ್ನ ಫೋನನ್ನೇ ಅವಳ ಕೈಗಿಟ್ಟ. ಬೂದುಪಟ್ಟಿ ಅಲ್ಲಿ ಬಿಚ್ಚಿಕೊಂಡಿತ್ತು. ಪ್ರತಿ ಭಾನುವಾರ, ಅದೇ ಟೀ ಅಂಗಡಿ. ‘ವಾಣಿ ಬರಬಹುದು.’

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. “ಬಾಯ್ಬಿಟ್ಟು ಹೇಳೋಕೆ ನಿಂಗೇನ್ ರೋಗ ಬಂದಿತ್ತೋ?”

“ಧೈರ್ಯ ಸಾಲ್ಲಿಲ್ಲ. ಬ್ಯುಸಿ ಅಂತ ಕಂಡ್ರೆ, ಏನ್ಗುರು ವಿಷ್ಯ ಅಂತ ನೀನೇ ಕೇಳ್ತೀಯ ಅನ್ಕೊಂಡೆ.”

ಅವನು ಬಂದಿದ್ದ ಗೋಡೌನಿನ ವ್ಯಾನು ಹಾರ್ನ್ ಹೊಡೆಯಿತು. ಅವನು ಹಿಂದೆ ತಿರುಗಿ ನೋಡುತ್ತಲೇ ಹತ್ತಿದ. “ಏನೂ ಹೇಳ್ಲೇ ಇಲ್ವಲ್ಲೇ!”

“ಮೊದ್ಲು ನನ್ ಭಾನುವಾರ ಬಿಡಿಸ್ಕೊಂಡ್ ಬರ್ತೀನಿ, ತಡಿ!”

ಮರುದಿನ ಭಾನುವಾರವನ್ನು ವಾಪಸ್ ಕೊಡಲು ಕೀರ್ತನ ನಗುತ್ತಲೇ ಒಪ್ಪಿದಳು. ಪಾಳಿ ಹಂಚುವ ಆದಿನಾರಾಯಣಪ್ಪ ಒಪ್ಪಲಿಲ್ಲ.

“ಕಾರಣ ಏನಂತ ಹಾಕ್ಲಮ್ಮಾ? ಹುಷಾರಿಲ್ವಾ? ಮನೇಲಿ ಪೂಜೆನಾ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ರಜೆಗೆಂದು ಅಲ್ಲಿ ಎಲ್ಲರೂ ಒಂದಲ್ಲ ಒಂದು ಕಾಯಿಲೆಯನ್ನು ಸಾಕಿಕೊಂಡಿದ್ದರು. ವಾಣಿ ಅದನ್ನು ನುಂಗಿಕೊಂಡಳು.

“ಒಬ್ಬನ್ನ ಪ್ರೀತಿಸ್ತಿದೀನಿ ಸಾರ್. ಅವನ ಜೊತೆ ಕೂತು ಟೀ ಕುಡೀಬೇಕು. ಹಂಗೇ ಹಾಕಿ.”

ಪ್ಯಾಕಿಂಗ್ ಸಾಲಿನಲ್ಲಿದ್ದ ಕೈಗಳೆಲ್ಲ ಒಂದು ಕ್ಷಣ ನಿಂತವು. ಆದಿನಾರಾಯಣಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಮುಂದಿನ ತಿಂಗಳಿಂದ ತಗೋ.”

ಅವಳು ತನ್ನ ಜಾಗಕ್ಕೆ ಬಂದು ನಿಂತಳು. ಒಳಗೆ ಬರುವಾಗ ಒಪ್ಪಿಸಿದ್ದ ಫೋನು ಗೇಟಿನಲ್ಲಿತ್ತು. ಭೀಮರಾಜನ ಕಿವಿಗೆ ಬೀಳಬೇಕಿದ್ದ ಮಾತನ್ನು ಆದಿನಾರಾಯಣಪ್ಪ ಮೊದಲು ಕೇಳಿಬಿಟ್ಟಿದ್ದರು.